ರಕ್ತದ ಮೇಲೆ ಕೆನೆ

ಔರಾದದಿಂದ ತಂದ ಟ್ಯೂಬುಗಳನ್ನು ಸೆಂಟ್ರಿಫ್ಯೂಜಿನಲ್ಲಿ ಹತ್ತು ನಿಮಿಷ ತಿರುಗಿಸಿ ಹೊರಗೆ ತೆಗೆದೆ. ರಕ್ತಕಣಗಳೆಲ್ಲ ತಳಕ್ಕೆ ಕೂತು ಮೇಲೆ ತಿಳಿಹಳದಿ ಸೀರಂ ನಿಲ್ಲಬೇಕು. ಕೊಲೆಸ್ಟ್ರಾಲ್ ಅಳೆಯುವುದು ಅದರಲ್ಲೇ. ಆ ದಿನ ನಿಂತದ್ದು ಅಕ್ಕಿ ತೊಳೆದ ನೀರಿನಂಥದ್ದು. ಒಬ್ಬಿಬ್ಬರದು ಹಾಗಿದ್ದರೆ ಹಿಂದಿನ ದಿನ ಬಿರಿಯಾನಿ ಜೋರಾಗಿತ್ತೆಂದು ನಕ್ಕು ಬಿಡುತ್ತೇವೆ. ಇಪ್ಪತ್ತೆರಡು ಟ್ಯೂಬುಗಳಲ್ಲಿ ಹದಿನೇಳು ಹಾಗಿದ್ದವು. ನಾನು ನಗಲೂ ಇಲ್ಲ, ಕೆಲಸ ನಿಲ್ಲಿಸಲೂ ಇಲ್ಲ. ಒಂದೊಂದನ್ನೇ ಯಂತ್ರಕ್ಕೆ ಹಾಕಿ, ಬಂದ ಅಂಕಿಗಳನ್ನು ಮುದ್ರಿಸಿ, ಕೆಳಗೆ ಸಹಿ ಮಾಡಿ ಕಳಿಸಿದೆ.

ಬೀದರದ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಆ ವರ್ಷ ಊರಿನ ಒಬ್ಬ ಸಂಚಾಲಕರು ತೂಕ ಇಳಿಸುವ ಕಾರ್ಯಕ್ರಮವೊಂದನ್ನು ಶುರುಮಾಡಿ ರಕ್ತ ಪರೀಕ್ಷೆಯ ಕೆಲಸವನ್ನು ನಮಗೆ ವಹಿಸಿದ್ದರು. ಆರು ತಿಂಗಳ ಪಥ್ಯ. ಜೋಳದ ರೊಟ್ಟಿ, ಅನ್ನ, ಬೇಳೆ, ಸಕ್ಕರೆ, ಬಾಳೆಹಣ್ಣು ಎಲ್ಲ ಬಂದ್. ಮೊಟ್ಟೆ, ಪನೀರು, ಮಾಂಸ, ಸೊಪ್ಪು, ತುಪ್ಪ ಎಷ್ಟಾದರೂ ಸರಿ. ನಮ್ಮ ಕಡೆಯವರಿಗೆ ರೊಟ್ಟಿ ಬಿಡು ಎನ್ನುವುದು ಉಸಿರು ಬಿಡು ಎಂದಷ್ಟೇ ಕಷ್ಟ. ಆದರೂ ಭಾಲ್ಕಿಯಲ್ಲಿ ಹತ್ತೊಂಬತ್ತು, ಔರಾದದಲ್ಲಿ ಇಪ್ಪತ್ತೆರಡು ಮಂದಿ ಸೇರಿದ್ದರು. ಪಥ್ಯಕ್ಕೆ ಮುಂಚೆ ಒಂದು ಸಲ, ಆಮೇಲೆ ಎರಡು ತಿಂಗಳಿಗೊಮ್ಮೆ ಅವರ ರಕ್ತ ತೆಗೆದು ಲಿಪಿಡ್ ಪ್ರೊಫೈಲ್ ಮಾಡುವುದು ನನ್ನ ಪಾಲಿನ ಕೆಲಸ.

ಲಿಪಿಡ್ ಪ್ರೊಫೈಲ್ ಎಂದರೆ ಏನೆಂದು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಹೇಸಿಗೆಯೆಲ್ಲ ಅದರೊಳಗೇ ಇದೆ. ಯಂತ್ರ ಮೂರನ್ನು ಅಳೆಯುತ್ತದೆ: ಒಟ್ಟು ಕೊಲೆಸ್ಟ್ರಾಲ್, ಒಳ್ಳೆಯದೆಂದು ಕರೆಯುವ ಎಚ್‌ಡಿಎಲ್, ಮತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬು. ರಕ್ತನಾಳಕ್ಕೆ ಮೆತ್ತಿಕೊಳ್ಳುವ ಎಲ್‌ಡಿಎಲ್ ಅನ್ನು ನಮ್ಮಂಥ ಲ್ಯಾಬುಗಳಲ್ಲಿ ಬಹುಮಟ್ಟಿಗೆ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದರೆ ಉಳಿಯುವುದೇ ಎಲ್‌ಡಿಎಲ್. ಈ ಲೆಕ್ಕ ಸರಿಯಾಗಬೇಕಾದರೆ ಹನ್ನೆರಡು ತಾಸು ಹೊಟ್ಟೆ ಖಾಲಿ ಇರಬೇಕು. ಟ್ರೈಗ್ಲಿಸರೈಡ್ ನಾನೂರು ದಾಟಿದರೆ ಯಂತ್ರವೇ ಎಲ್‌ಡಿಎಲ್ ಜಾಗವನ್ನು ಖಾಲಿ ಬಿಡುತ್ತದೆ. ದಾಟದಿದ್ದರೆ, ಹೊಟ್ಟೆ ತುಂಬಿದವರ ರಕ್ತಕ್ಕೂ ಲೆಕ್ಕ ಹಾಕಿ ಸಲೀಸಾಗಿ ಸುಳ್ಳು ಹೇಳುತ್ತದೆ.

ಎರಡನೇ ತಿಂಗಳ ಆ ಹದಿನೇಳು ಟ್ಯೂಬುಗಳ ವರದಿ ಹೋದ ಮರುದಿನ ಸಂಚಾಲಕರ ಫೋನು ಬಂತು.

“ಮೇಡಮ್, ನಿಮ್ಮ ಮಷೀನ್ ಕೆಟ್ಟದ ನೋಡ್ರಿ. ರೊಟ್ಟಿ ಬಿಟ್ಟವರ ಟ್ರೈಗ್ಲಿಸರೈಡ್ ಇಳೀಬೇಕ್ರಿ. ನಿಮ್ಮ ಕಾಗದದಾಗ ಎಲ್ಲರದೂ ಏರ್ಯಾದ. ನಾ ಮಂದಿಗಿ ಏನಂತ ಹೇಳಲಿ?”

ಇಳಿಯಬೇಕು ಎಂಬ ಮಾತು ಸುಳ್ಳಲ್ಲ. ಹಿಟ್ಟು, ಸಕ್ಕರೆ ಬಿಟ್ಟವರಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ. ಹಾಗಾಗಿ ಮೈ ಉರಿದರೂ ಯಂತ್ರದ ಕಡೆಗೇ ತಿರುಗಿದೆ. ಗೊತ್ತಿರುವ ಅಂಕಿಯ ಕಂಟ್ರೋಲ್ ಸೀರಂ ಎರಡು ಸಲ ಹಾಕಿದೆ, ಬರಬೇಕಾದಷ್ಟೇ ಬಂತು. ಸೀರಮಿಗೆ ಬೆರೆಸುವ ರಿಯೇಜೆಂಟಿನ ಹೊಸ ಬಾಟಲಿ ತೆರೆದೆ, ಅದನ್ನು ಹಾಕುವ ಪುಟ್ಟ ಕ್ಯುವೆಟ್ ತೊಳೆದೆ, ನನ್ನದೇ ರಕ್ತ ತೆಗೆದು ಹಾಕಿ ನೋಡಿದೆ. ಯಂತ್ರ ಸರಿ ಇತ್ತು. ಹಾಗಾದರೆ ದಾರಿಯದೇ ದೋಷ ಎಂದುಕೊಂಡೆ. ಔರಾದದಿಂದ ಬೀದರಕ್ಕೆ ಬಸ್ಸಿನ ಬಿಸಿಲಲ್ಲಿ ಟ್ಯೂಬು ತಂದಿದ್ದೆನಲ್ಲ. ಮುಂದಿನ ಸಲ ಐಸ್ ಡಬ್ಬಿಯಲ್ಲಿ ತರುವುದೆಂದು, ಜೊತೆಗೆ ಅಲ್ಲೇ ಸೀರಂ ಬೇರೆ ಮಾಡಲು ಸಣ್ಣ ಸೆಂಟ್ರಿಫ್ಯೂಜ್ ಒಯ್ಯುವುದೆಂದು ನಿಶ್ಚಯಿಸಿದೆ. ಹೆಗಲಿಗೆ ನೋವು ಬರಿಸಿಕೊಳ್ಳುವ ಇಷ್ಟು ಏರ್ಪಾಡಿನ ನಡುವೆ, ಬಂದವರು ಬೆಳಿಗ್ಗೆ ಏನು ಕುಡಿದಿದ್ದಾರೆಂದು ಕೇಳುವುದು ನನ್ನ ತಲೆಗೆ ಹೊಳೆಯಲಿಲ್ಲ. ಫಾರ್ಮಿನಲ್ಲಿ ‘ಖಾಲಿ ಹೊಟ್ಟೆ’ ಎಂಬ ಸಾಲಿನ ಮುಂದೆ ನಾನೇ ಸಾಲಾಗಿ ಗುರುತು ಹಾಕುತ್ತಿದ್ದೆ.

ನಾಲ್ಕನೇ ತಿಂಗಳ ರಕ್ತ ತೆಗೆಯಲು ಔರಾದಕ್ಕೆ ಹೋದದ್ದು ಒಂದು ಶನಿವಾರ. ಅಲ್ಲಿನ ಕೇಂದ್ರವೆಂದರೆ ಅಂಗಡಿಯ ಹಿಂದಿನ ಒಂದು ಉದ್ದ ಕೋಣೆ. ಬಾಗಿಲಲ್ಲಿ ದೊಡ್ಡ ಬ್ಯಾನರು. ಅದರ ಮೇಲೆ ಒಬ್ಬ ಹೆಣ್ಣುಮಗಳ ಎರಡು ಫೋಟೋ, ಮುಂಚಿನದು ಮತ್ತು ಈಗಿನದು. ಆಕೆ ಔರಾದದ ದರ್ಜಿ. ಕಾರ್ಯಕ್ರಮದಲ್ಲಿ ಎಲ್ಲರಿಗಿಂತ ಹೆಚ್ಚು ತೂಕ ಇಳಿಸಿದವಳು. ತೊಂಬತ್ತೆರಡು ಕಿಲೋ ಇದ್ದವಳು ಎಪ್ಪತ್ತಾರಕ್ಕೆ ಬಂದಿದ್ದಳು. ನಾನು ಆಕೆಯನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ, ಆಕೆ ನನ್ನನ್ನು ಸಿಸ್ಟರ್ ಎನ್ನುತ್ತಿದ್ದಳು. ತೋಳು ಚಾಚಿ ಕೂತವಳು ತನ್ನ ಕಮೀಜಿನ ಪಕ್ಕದ ಹೊಲಿಗೆ ಎಳೆದು ತೋರಿಸಿದಳು.

“ನೋಡ್ರಿ ಸಿಸ್ಟರ್, ಮೂರು ಸಲ ಒಳಗ ಹೊಲದೀನಿ. ಮಶೀನ್ ತುಳಿಲಾಕ ಮಣಕಾಲ ಬರ್ತಿದ್ದಿಲ್ಲ. ಈಗ ಬರ್ತಾವ. ಶುಗರ್ ಬರೋಬ್ಬರಿ ಆಗ್ಯಾದ. ಗುಳಗಿನೂ ಬಿಟ್ಟೀನಿ.”

“ಯಾವ ಗುಳಗಿ ಆಪಾ?”

“ಕೊಲೆಸ್ಟ್ರಾಲಿಂದರಿ. ನಮ್ಮ ದೊಡ್ಡಣ್ಣ ಮಶೀನಿನ ಮ್ಯಾಲೇ ಹೋದ್ನಲ್ಲ, ಎದಿ ಹಿಡದು. ಆವಾಗಿನಿಂದ ನನಗ, ತಮ್ಮಗ ಇಬ್ಬರಿಗೂ ಡಾಕ್ಟರ್ ಹಚ್ಚಿದ್ರು. ಸರ್ ಅಂದ್ರು, ಅದು ರೊಟ್ಟಿ ತಿನ್ನೋರಿಗಿ, ನಿಮಗ ಬ್ಯಾಡ ಅಂತ.”

ಸರ್ ಎಂದರೆ ಸಂಚಾಲಕರು. ಅವರು ಡಾಕ್ಟರಲ್ಲ, ತಾವೇ ಇಪ್ಪತ್ತು ಕಿಲೋ ಇಳಿಸಿ ಆಮೇಲೆ ಊರಿಗೆ ಹೇಳಲು ಹೊರಟವರು. ಸೂಜಿ ಕೈಯಲ್ಲಿತ್ತು, ಸಾಲು ಉದ್ದವಿತ್ತು. ಒಮ್ಮೆ ಡಾಕ್ಟರಿಗೆ ತೋರಿಸ್ರಿ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದೆ. ಆ ಗಡಿಬಿಡಿಯನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯ ಬರುತ್ತದೆ.

ಸಂಜೆ ಲ್ಯಾಬು ಮುಟ್ಟಿ ಎಲ್ಲವನ್ನೂ ಯಂತ್ರಕ್ಕೆ ಹಾಕಿದೆ. ಐಸ್ ಡಬ್ಬಿ ಹೊತ್ತದ್ದು ವ್ಯರ್ಥ. ಅದೇ ಕಲಗಚ್ಚು ಬಣ್ಣ, ಟ್ರೈಗ್ಲಿಸರೈಡ್ ಹಿಂದಿಗಿಂತಲೂ ಮೇಲೆ. ವರದಿಗಳನ್ನು ಮುದ್ರಿಸಿ ಕಳಿಸಿ, ಉಳಿದ ಸೀರಂ ಟ್ಯೂಬುಗಳನ್ನು ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಮರುದಿನ ಭಾನುವಾರ, ನನಗೆ ಚರ್ಚು, ಲ್ಯಾಬಿಗೆ ರಜೆ.

ಸೋಮವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆದವಳು ಅಲ್ಲೇ ನಿಂತೆ. ಟ್ಯೂಬುಗಳ ಮೇಲ್ಭಾಗದಲ್ಲಿ ಬಿಳಿ ಕೆನೆ ಕಟ್ಟಿತ್ತು. ಕೆಲವದರಲ್ಲಿ ಉಗುರಿನಷ್ಟು ದಪ್ಪ, ಕೆಲವದರಲ್ಲಿ ತೆಳು ಪೊರೆ. ಆರಿದ ಕೀಮಾದ ಮೇಲೆ ಕೊಬ್ಬು ಬಿಳುಚಿಕೊಂಡು ನಿಲ್ಲುತ್ತದಲ್ಲ, ಅಂಥದ್ದೇ. ಕೆಳಗಿನ ಸೀರಂ ಮಾತ್ರ ಈಗ ತಿಳಿಯಾಗಿತ್ತು. ಮೂತ್ರದ ಡಬ್ಬಿ, ಕಫ, ಮಲ, ಕೀವು ಎಲ್ಲವನ್ನೂ ಮೂಗು ಮುಚ್ಚದೆ ನೋಡಿದವಳು ನಾನು. ಆ ಕೆನೆಯ ಮುಂದೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿದೆ.

ನಮ್ಮ ಲ್ಯಾಬಿನ ಡಾಕ್ಟರು ವಯಸ್ಸಾದವರು, ವಾರಕ್ಕೆ ಮೂರು ದಿನ ಬರುತ್ತಾರೆ. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ನಿಮಿಷ ನೋಡಿದರು.

“ಇದು ಮೈಯಾಗ ತಯಾರಾದ ಕೊಬ್ಬಲ್ಲ ನೋಡವ್ವ. ಅದು ಹಿಂಗ ಮ್ಯಾಲ ತೇಲಂಗಿಲ್ಲ, ಎಲ್ಲಾ ಕಡಿ ಮಬ್ಬ ಇರ್ತದ. ಇದು ಈಗ ತಾನೇ ತಿಂದದ್ದು. ಕರುಳಿಂದ ನೆಟ್ಟಗ ರಕ್ತಕ್ಕ ಬಂದದ. ಖಾಲಿ ಹೊಟ್ಟಿ ಅಂತ ನೀ ಹ್ಯಾಂಗ ಬರದಿ?”

“ಎಲ್ಲರೂ ನಾಷ್ಟಾ ಮಾಡದೇ ಬಂದಾರ್ರಿ ಸರ್.”

“ಕೇಳಿದೇನು?”

ಕೇಳಿರಲಿಲ್ಲ. ಅಲ್ಲೇ ನಿಂತು ದರ್ಜಿ ಆಪಾಗೆ ಫೋನು ಹಚ್ಚಿದೆ. ಶನಿವಾರ ಮುಂಜಾನೆ ಬಾಯಿಗೆ ಏನೇನು ಹೋಗಿತ್ತು, ನೆನಪು ಮಾಡಿಕೊಂಡು ಹೇಳಿ ಎಂದೆ.

“ಅಲ್ಲಾನ ಕಸಮ್ ಸಿಸ್ಟರ್, ಒಂದು ತುತ್ತು ತಿಂದಿಲ್ಲ. ಬರೇ ತುಪ್ಪದ ಚಾ ಕುಡದೀನಿ.”

“ತುಪ್ಪದ ಚಾ?”

“ಹಾಂರಿ, ಖಾಲಿ ಚಾದಾಗ ಎರಡು ಚಮಚ ತುಪ್ಪ, ಒಂದು ಚಮಚ ಕೊಬ್ಬರಿ ಎಣ್ಣಿ. ಸಕ್ರಿ ಇಲ್ಲ, ಹಾಲಿಲ್ಲ. ಇದ್ರಿಂದ ಖಾಲಿ ಹೊಟ್ಟಿ ಕೆಡಂಗಿಲ್ಲ ಅಂತ ಸರ್ ಮೊಬೈಲಿನ್ಯಾಗ ಕಳಿಸ್ಯಾರ. ಮನ್ಯಾಗ ಐದೂವರಿಗಿ ಒಂದು ಲೋಟ. ಮತ್ತ ಅಲ್ಲಿ ಬಂದ ಮ್ಯಾಲ ಒಂದು ಲೋಟ ಅವರೇ ಕೊಡ್ತಾರ. ದೂರದ ಹಳ್ಳಿಯಿಂದ ಬಂದೋರಿಗಿ ಚಾ ಸೈತ ಕೊಡಲಿಲ್ಲಂದ್ರ ಹ್ಯಾಂಗ್ರಿ?”

ಆಗ ನನ್ನ ಕಣ್ಣ ಮುಂದೆ ಬಂದದ್ದು ಸ್ಟೀಲ್ ಲೋಟಗಳು. ಪಥ್ಯ ಶುರುವಾದ ಮೇಲೆ ನಾನು ಹೋದ ಎರಡು ಸಲವೂ ಔರಾದದ ಆ ಕೋಣೆಯ ಮೇಜಿನ ಮೇಲೆ ಲೋಟಗಳ ಸಾಲು ಇರುತ್ತಿತ್ತು. ಅಂಚಿಗೆ ಹಳದಿ ಜಿಡ್ಡು ಹತ್ತಿದ ಲೋಟಗಳು. ನನ್ನ ಟ್ಯೂಬಿನ ಸ್ಟ್ಯಾಂಡ್ ಇಡಲು ಜಾಗ ಸಾಲದೆ ಅವನ್ನು ನಾನೇ ಪಕ್ಕಕ್ಕೆ ಸರಿಸುತ್ತಿದ್ದೆ. ಆಮೇಲೆ ಬೆರಳಿನ ಜಿಡ್ಡನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿಕೊಂಡು ಅದೇ ಹತ್ತಿಯ ಡಬ್ಬಿಯಿಂದ ಇನ್ನೊಂದು ತುಂಡು ತೆಗೆದು ಅವರ ತೋಳು ಒರೆಸುತ್ತಿದ್ದೆ. ಕಾರಣ ಎರಡು ತಿಂಗಳಿಂದ ನನ್ನ ಬೆರಳಿಗೇ ಅಂಟಿತ್ತು. ನಾನು ಯಂತ್ರ ತೊಳೆಯುತ್ತ ಕೂತಿದ್ದೆ. ಥೂ!

ಬೈದುಕೊಂಡು ಮುಗಿಸುವಂತಿರಲಿಲ್ಲ. ಡಾಕ್ಟರು ಒಂದು ಕಾಗದ ಎಳೆದುಕೊಂಡು ಆಪಾಳ ಅಂಕಿ ಕೇಳಿದರು. ಶನಿವಾರದ್ದು: ಒಟ್ಟು ಮುನ್ನೂರ ಇಪ್ಪತ್ತು, ಎಚ್‌ಡಿಎಲ್ ಐವತ್ತೊಂದು, ಟ್ರೈಗ್ಲಿಸರೈಡ್ ಮುನ್ನೂರ ಎಂಬತ್ತೆಂಟು. ನಾನೂರಕ್ಕೆ ಹನ್ನೆರಡು ಕಡಿಮೆ. ಹಾಗಾಗಿ ಯಂತ್ರ ಲೆಕ್ಕ ಹಾಕಿ ಎಲ್‌ಡಿಎಲ್ ನೂರ ತೊಂಬತ್ತೊಂದು ಎಂದಿತ್ತು.

“ಟ್ರೈಗ್ಲಿಸರೈಡಿನ ಐದನೇ ಪಾಲು ಕಳೀತದಲ್ಲ ಇದು? ಚಾದಾಗಿನ ತುಪ್ಪ ಸೇರಿ ಆ ಪಾಲು ಸುಳ್ಳೇ ದೊಡ್ಡದಾಗ್ಯಾದ. ಜಾಸ್ತಿ ಕಳದರ ಎಲ್‌ಡಿಎಲ್ ಕಡಿಮಿನೇ ಬರ್ತದ. ನೇರ ಅಳಿಯೋ ಕಿಟ್ ತಗಿ” ಎಂದರು.

ಎಲ್‌ಡಿಎಲ್ ಅನ್ನು ಲೆಕ್ಕವಿಲ್ಲದೆ ನೇರವಾಗಿ ಅಳೆಯುವ ಕಿಟ್ ನಮ್ಮಲ್ಲಿತ್ತು, ಡಾಕ್ಟರ ಚೀಟಿ ಬಂದರಷ್ಟೇ ಬಳಸುತ್ತಿದ್ದೆವು. ಆಪಾಳ ಅದೇ ಟ್ಯೂಬಿನ ಸೀರಮನ್ನು ಚೆನ್ನಾಗಿ ಬೆರೆಸಿ ಹಾಕಿದೆ. ಇನ್ನೂರ ನಲವತ್ತಾರು ಬಂತು. ಮತ್ತೊಮ್ಮೆ ಹಾಕಿದೆ. ಇನ್ನೂರ ನಲವತ್ತೆಂಟು.

ಪಥ್ಯಕ್ಕೆ ಮುಂಚೆ, ಗುಳಿಗೆ ತಿನ್ನುತ್ತಿದ್ದಾಗ, ಆಕೆಯದು ನೂರ ಇಪ್ಪತ್ತೇಳಿತ್ತು. ಎರಡನೇ ತಿಂಗಳಿಗೆ ನೂರ ಐವತ್ಮೂರು ಎಂದು ಕೊಟ್ಟಿದ್ದೆ. ಅದೂ ಕೆನೆಯ ಲೆಕ್ಕವೇ. ನಿಜಕ್ಕೂ ಎಷ್ಟಿತ್ತೋ ದೇವರಿಗೇ ಗೊತ್ತು, ಆ ಟ್ಯೂಬು ಎಂದೋ ಕಸಕ್ಕೆ ಹೋಗಿತ್ತು. ಮಣಕಾಲು ಸರಿಯಾದ ಖುಷಿಯಲ್ಲಿ ಆಕೆ ಹಿಗ್ಗುತ್ತಿದ್ದಾಳೆ, ಒಳಗೆ ಅಪಾಯ ಬೆಳೆಯುತ್ತಿದೆ, ಅದರ ಮೇಲೆ ನಾನು ಮುಚ್ಚಳ ಹಾಕಿ ಸಹಿ ಮಾಡಿದ್ದೇನೆ. ಒಬ್ಬ ಅಣ್ಣ ಆಗಲೇ ಹೋಗಿರುವ ಮನೆ ಅದು.

“ಎಲ್ಲರಿಗೂ ಹಿಂಗ ಏರ್ತದೇನ್ರಿ ಸರ್?”

“ಎಲ್ಲರಿಗೂ ಇಲ್ಲ. ಕೆಲವರಿಗಿ ಇಳೀತದ, ಕೆಲವರಿಗಿ ಇದ್ದಂಗೇ ಇರ್ತದ, ಕೆಲವರಿಗಿ ಹಿಂಗ ಜಿಗೀತದ. ಇಕಿ ಗುಳಗಿನೂ ಬಿಟ್ಟಾಳ, ತುಪ್ಪನೂ ಕುಡಿಲಕತ್ತಾಳ. ಯಾರಿಗಿ ಏನಾಗ್ಯಾದ ಅನ್ನೋದು ನೋಡ್ಲಿಕ್ಕೇ ನಿನ್ನ ಕಳಿಸಿದ್ದು.”

ಎರಡು ವಾರದೊಳಗೆ ಎಲ್ಲರ ರಕ್ತವನ್ನೂ ಮತ್ತೆ ತೆಗೆಯುವುದೆಂದು ಅಲ್ಲೇ ಠರಾಯಿಸಿದೆವು. ಈ ಸಲ ಹಿಂದಿನ ದಿನವೇ ಒಬ್ಬೊಬ್ಬರಿಗೂ ನಾನೇ ಫೋನು ಮಾಡಿದೆ. ಸಂಜೆ ಏಳಕ್ಕೆ ಊಟ ಮುಗಿಸಿ, ಆಮೇಲೆ ಬರೀ ನೀರು. ತುಪ್ಪವಿಲ್ಲ, ಎಣ್ಣೆಯಿಲ್ಲ, ಚಹಾ ಇಲ್ಲ, ಬಾದಾಮಿಯೂ ಇಲ್ಲ. “ಮೇಡಮ್, ಎರಡೇ ಎರಡು ಬಾದಾಮರಿ” ಎಂದು ಭಾಲ್ಕಿಯ ಮಾಸ್ತರೊಬ್ಬರು ಚೌಕಾಸಿ ಮಾಡಿದರು. ಕೇಂದ್ರಗಳಲ್ಲಿ ಚಹಾದ ಪಾತ್ರೆಯನ್ನು ಒಲೆಗೇರಿಸದಂತೆ ಹೇಳಿದೆ. ಔರಾದದಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹೋದಾಗ ಪಾತ್ರೆ ಕುದಿಯುತ್ತಿತ್ತು. ನಾನೇ ಅದನ್ನೆತ್ತಿ ಹಿತ್ತಲಿಗೆ ಚೆಲ್ಲಿ ಬಂದೆ. ಬಂದವರಿಗೆ ಚಹಾ ಚೆಲ್ಲಿದ ಹೆಂಗಸು ಎಂದು ಆ ದಿನ ಮಧ್ಯಾಹ್ನದವರೆಗೆ ನನ್ನ ಮುಖವನ್ನು ಯಾರೂ ನೆಟ್ಟಗೆ ನೋಡಲಿಲ್ಲ.

ಈ ಸಲದ ಸೀರಂ ಹಳದಿಯಾಗಿ, ತಿಳಿಯಾಗಿ ಬಂತು. ಆಪಾಳ ಟ್ರೈಗ್ಲಿಸರೈಡ್ ಬರೀ ತೊಂಬತ್ನಾಲ್ಕು. ಒಟ್ಟು ಮುನ್ನೂರ ಇಪ್ಪತ್ತಾರು, ಎಚ್‌ಡಿಎಲ್ ಐವತ್ನಾಲ್ಕು. ಎಲ್‌ಡಿಎಲ್ ಲೆಕ್ಕದಲ್ಲಿ ಇನ್ನೂರ ಐವತ್ಮೂರು, ನೇರ ಅಳತೆಯಲ್ಲಿ ಇನ್ನೂರ ಐವತ್ತು. ಎರಡೂ ಕೊನೆಗೊಮ್ಮೆ ಕೈಕೈ ಹಿಡಿದು ನಿಂತವು. ನಲವತ್ತೊಂದು ಮಂದಿಯಲ್ಲಿ ಬಹಳಷ್ಟು ಜನ ಒಳ್ಳೆಯ ಸ್ಥಿತಿಯಲ್ಲೇ ಇದ್ದರು, ಆ ಮಾಸ್ತರೂ ಸೇರಿ. ಆರು ಮಂದಿಯ ಎಲ್‌ಡಿಎಲ್ ಮಾತ್ರ ಹೆದರಿಸುವಷ್ಟು ಏರಿತ್ತು. ಆರರಲ್ಲಿ ಎಲ್ಲರಿಗಿಂತ ಮೇಲೆ ಬ್ಯಾನರಿನ ಹೆಂಗಸು.

ಸಂಚಾಲಕರು ಮರುದಿನವೇ ಲ್ಯಾಬಿಗೆ ಬಂದರು. ಬಂದವರು ಖುಷಿಯಲ್ಲಿದ್ದರು. ಬೆಂಚಿನ ಮೇಲೆ ಕೂತು ಸ್ಟೀಲ್ ಡಬ್ಬಿ ತೆಗೆದು ತುಪ್ಪದಲ್ಲಿ ಹುರಿದ ಪನೀರು ತಿನ್ನುತ್ತ ವರದಿಗಳನ್ನು ತಿರುವಿದರು. ಅವರ ಬೆರಳಿನ ಜಿಡ್ಡು ಇಳಿದು ಕಾಗದ ಅಲ್ಲಲ್ಲಿ ಪಾರದರ್ಶಕವಾಯಿತು.

“ನಾ ಅಂದಿದ್ದಿಲ್ಲೇನ್ರಿ? ನೋಡ್ರಿ, ಟ್ರೈಗ್ಲಿಸರೈಡ್ ತೊಂಬತ್ನಾಕು! ಎಚ್‌ಡಿಎಲ್ ಏರ್ಯಾದ!” ಎಂದರು. ಆಮೇಲೆ ಬೆರಳು ಕೆಳಗಿನ ಸಾಲಿಗೆ ಬಂತು. ಅಗಿಯುವುದು ನಿಂತಿತು.

“ಇದೊಂದು ಯಾಕ ಹಿಂಗ ಬಂದದ?”

ಕೆನೆಯಿಂದ ಹಿಡಿದು ಕಳೆಯುವ ಲೆಕ್ಕದವರೆಗೆ ಎಲ್ಲವನ್ನೂ ವಿವರಿಸಿದೆ. ಆಕೆ ಗುಳಿಗೆ ಬಿಟ್ಟದ್ದನ್ನೂ, ಅಣ್ಣ ಸತ್ತದ್ದನ್ನೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಅರ್ಥವಾಯಿತು ಎಂದುಕೊಂಡೆ. ಅರ್ಥವಾಗಿಯೂ ಇತ್ತು, ಅದಕ್ಕೇ ಮುಂದಿನ ಮಾತು ಆಡಿದರು.

“ಒಂದು ಕೆಲಸ ಮಾಡ್ರಿ ಮೇಡಮ್. ಟ್ರೈಗ್ಲಿಸರೈಡ್ ಈ ಸಲದ್ದು ಹಾಕ್ರಿ, ಎಲ್‌ಡಿಎಲ್ ಹೋದ ಸಲದ್ದೇ ಇರಲಿ. ಎರಡೂ ನಿಮ್ಮ ಲ್ಯಾಬಿನವೇ ಅದಾವಲ್ಲ, ಸುಳ್ಳೇನು ಬರೀಲಾಕ ಹಚ್ಚಿಲ್ಲ ನಾ. ಬರೋ ಐತವಾರ ಭಾಲ್ಕಿಯಾಗ ಫಂಕ್ಷನ್ ಅದ. ಆಪಾಗ ಶಾಲು ಹಾಕೋರು ಇದ್ದೇವಿ. ಮಂದಿ ಹೆದರಿ ಮತ್ತ ರೊಟ್ಟಿಗಿ ಹೋದ್ರ ಅವರ ಶುಗರಿಗಿ ಯಾರ್ರಿ ಜವಾಬ್ದಾರಿ?”

ನಾನು ಅವರ ಬಾಯನ್ನೇ ನೋಡುತ್ತಿದ್ದೆ. ತುಟಿಯ ಅಂಚಿನಲ್ಲಿ ಪನೀರಿನ ಚೂರು ಅಂಟಿತ್ತು. ಇವರನ್ನು ಮೋಸಗಾರ ಎಂದುಬಿಟ್ಟರೆ ನನಗೆ ಹಗುರವಾಗುತ್ತಿತ್ತು. ಆದರೆ ಅವರು ನಂಬಿದ್ದರು. ತಮ್ಮ ಹೊಟ್ಟೆ ಇಳಿದದ್ದು ನಿಜ, ಜನರ ಸಕ್ಕರೆ ಇಳಿದದ್ದೂ ನಿಜ, ಆ ನಿಜಗಳ ಮರ್ಯಾದೆ ಉಳಿಸಲು ಒಂದು ಹೆಣ್ಣುಮಗಳ ಹೃದಯದ ಅಪಾಯವನ್ನು ಸ್ವಲ್ಪ ಮರೆಮಾಡಿದರೆ ಏನಾಯಿತು ಎಂದು ಅವರಿಗೆ ಪ್ರಾಮಾಣಿಕವಾಗಿ ಅನ್ನಿಸಿತ್ತು. ಹೇಸಿಗೆಯಾದದ್ದು ಆ ಪ್ರಾಮಾಣಿಕತೆಗೆ.

“ಆಗಂಗಿಲ್ರಿ” ಎಂದೆ.

“ವಿಚಾರ ಮಾಡ್ರಿ. ಹಳೇ ರಿಪೋರ್ಟಿನ ಮ್ಯಾಲ ಸಹಿ ನಿಮ್ಮದೇ ಅದ. ತಪ್ಪಾಗ್ಯಾದಂತ ಊರಿಗಿ ಹೇಳಿದ್ರ ಹೆಸರು ಯಾರದ್ದು ಹೋಗ್ತದ?”

ಅವರು ಹೋದ ಮೇಲೆ ಮೇಜು ಒರೆಸಿದೆ, ಎರಡು ಸಲ. ಆ ಮಾತಿನಲ್ಲಿ ಬೆದರಿಕೆಗಿಂತ ಹೆಚ್ಚಾಗಿ ಸತ್ಯವಿತ್ತು, ಅದೇ ಚುಚ್ಚುತ್ತಿತ್ತು. ಹೊಸ ಅಂಕಿಯನ್ನು ಸದ್ದಿಲ್ಲದೆ ಕಳಿಸಿ, ಹಳೆಯದರ ಬಗ್ಗೆ ಬಾಯಿ ಬಿಡದೆ ಇರಬಹುದಿತ್ತು. ಎಲ್‌ಡಿಎಲ್ ಎರಡು ವಾರದಲ್ಲಿ ಏರಿತೆಂದು ಜನ ತಿಳಿದುಕೊಳ್ಳುತ್ತಿದ್ದರು, ನಾನು ಪಾರಾಗುತ್ತಿದ್ದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಆ ದಾರಿಯನ್ನೂ ಯೋಚಿಸಿದೆ. ಸುಳ್ಳೇಕೆ ಹೇಳಲಿ, ಆಸೆಯಾಯಿತು.

ಆಮೇಲೆ ಎದ್ದು ಕಂಪ್ಯೂಟರಿನಲ್ಲಿ ಎರಡನೆಯ ಮತ್ತು ನಾಲ್ಕನೆಯ ತಿಂಗಳ ಅಷ್ಟೂ ವರದಿ ತೆಗೆದೆ. ಎಲ್‌ಡಿಎಲ್ ಸಾಲನ್ನು ರದ್ದುಮಾಡಿ, ‘ರಕ್ತ ತೆಗೆಯುವ ಮುನ್ನ ತುಪ್ಪದ ಚಹಾ ಸೇವಿಸಿದ್ದರಿಂದ ಈ ಅಂಕಿ ನಂಬಲರ್ಹವಲ್ಲ, ವಿಚಾರಿಸದೆ ವರದಿ ಕೊಟ್ಟದ್ದು ನಮ್ಮ ತಪ್ಪು’ ಎಂದು ಟೈಪ್ ಮಾಡಿದೆ. ಡಾಕ್ಟರಿಗೆ ತೋರಿಸಿದೆ. ಕೊನೆಯ ಮಾತನ್ನು ಅವರು ಎರಡು ಸಲ ಓದಿದರು. ‘ನಮ್ಮ ತಪ್ಪು’ ಬೇಡ ಎಂದಾರು ಎಂದುಕೊಂಡೆ. ಅವರು ಪೆನ್ನು ತೆಗೆದು ಪ್ರತಿಯೊಂದರ ಕೆಳಗೂ ಕೈಯಾರೆ ಸಹಿ ಮಾಡುತ್ತ ಹೋದರು. ಅಲ್ಲಿಯವರೆಗೆ ಅವರ ಸಹಿ ಕಂಪ್ಯೂಟರಿನಿಂದ ತಾನಾಗಿಯೇ ಬೀಳುತ್ತಿತ್ತು. ಸಂಚಾಲಕರ ವಾಟ್ಸಾಪ್ ಗುಂಪಿಗೆ ಹಾಕದೆ ನಲವತ್ತೊಂದು ಮಂದಿಗೂ ನೇರವಾಗಿ ಕಳಿಸಿದೆ. ಎಲ್‌ಡಿಎಲ್ ಏರಿದ ಆರು ಜನಕ್ಕೆ ಡಾಕ್ಟರೇ ಫೋನು ಮಾಡಿದರು. ಐವರು ಎತ್ತಿದರು. ಆಪಾ ಎತ್ತಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಔರಾದಕ್ಕೆ ಹೋದೆ. ಆಕೆಯ ಮನೆಯ ಮುಂದಿನ ಕೋಣೆಯೇ ಹೊಲಿಗೆಯ ಅಂಗಡಿ. ಭಾಲ್ಕಿಯ ಸಮಾರಂಭಕ್ಕೆ ತನಗಾಗಿ ಹೊಸ ಕಮೀಜು ಹೊಲಿಯುತ್ತಿದ್ದಳು, ಹಸಿರು ಬಣ್ಣದ್ದು. ನನ್ನನ್ನು ನೋಡಿದರೂ ಮಶೀನು ನಿಲ್ಲಿಸಲಿಲ್ಲ. ಸಂಚಾಲಕರು ನನಗಿಂತ ಮೊದಲೇ ಆಕೆಗೆ ಸುದ್ದಿ ಮುಟ್ಟಿಸಿದ್ದರು.

“ಸರ್ ಹೇಳ್ಯಾರ. ನೀವು ನಮ್ಮ ಪ್ರೋಗ್ರಾಮ್ ಕೆಡಸಲಾಕ ಹೊಂಟೀರಂತ” ಎಂದಳು.

ಎದುರಿನ ಸ್ಟೂಲಿನ ಮೇಲೆ ಕೂತು ಹೊಸ ಕಾಗದವನ್ನು ಬಟ್ಟೆಯ ಪಕ್ಕದಲ್ಲಿಟ್ಟೆ. ಮಣಕಾಲು ಸರಿಹೋದದ್ದು ಖರೆ, ಸಕ್ಕರೆ ಇಳಿದದ್ದು ಖರೆ, ಅದನ್ನು ಯಾರೂ ಕಸಿದುಕೊಳ್ಳುವುದಿಲ್ಲ ಎಂದೆ. ರೊಟ್ಟಿಗೆ ಮರಳಲೇಬೇಕೆಂದೂ ನಾನು ಹೇಳುತ್ತಿಲ್ಲ. ತುಪ್ಪದ್ದು, ಗುಳಿಗೆಯದ್ದು ಡಾಕ್ಟರು ಹೇಳಲಿ, ಈ ವಾರವೇ ತೋರಿಸಿ ಎಂದೆ. ಇನ್ನೂರ ಐವತ್ತು ಎಂಬ ಅಂಕಿಯ ಮೇಲೆ ಬೆರಳಿಟ್ಟು, ಅಣ್ಣ ಎದೆ ಹಿಡಿದು ಹೋದ ನಿಮ್ಮ ಮನೆತನಕ್ಕೆ ಇದು ಸಣ್ಣದಲ್ಲ ಎಂದೆ. ಮಶೀನು ನಿಂತಿತು.

“ಹೋದ ಸಲ ನೂರ ತೊಂಬತ್ತೊಂದು ಅಂದ್ರಿ. ಅದಕ್ಕಿಂತ ಮೊದಲು ನೂರ ಐವತ್ತಮೂರು ಅಂದ್ರಿ. ಸಹಿ ಯಾರದ್ದದ?”

“ನಂದೇ ಅದ ಆಪಾ.”

“ಇದರ ಮ್ಯಾಲ?”

“ಇದರ ಮ್ಯಾಲನೂ ನಂದೇ.”

“ಹಂಗಾರ ಯಾವ ಸಹಿ ನಂಬಲಿ ಹೇಳ್ರಿ?”

ಲೋಟಗಳ ವಿಷಯ ಹೇಳಿದೆ. ಕೈಗೆ ಜಿಡ್ಡು ಹತ್ತಿದರೂ ಕೇಳದೆ ಹೋದದ್ದನ್ನು ಹೇಳಿದೆ. ಫ್ರಿಜ್ಜಿನಲ್ಲಿ ಕಟ್ಟಿದ್ದ ಕೆನೆಯ ಫೋಟೋ ನನ್ನ ಫೋನಿನಲ್ಲಿತ್ತು, ತೋರಿಸಿದೆ. ಆಕೆ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

“ಇದು ನಂದಾ?”

“ನಿಮ್ಮದೇ.”

ಆಕೆ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ನನಗೆ ಬಂದ ಓಕರಿಕೆಯೇ ಆಕೆಗೂ ಬಂದಿತ್ತು. ಥಟ್ಟನೆ ದುಪಟ್ಟಾ ಬಿಟ್ಟು ಬಟ್ಟೆಗಳ ನಡುವೆ ತನ್ನ ಫೋನಿಗಾಗಿ ತಡಕಾಡಿದಳು. ಯಾರಿಗೆ ಎಂದು ತಿಳಿಯದೆ ನೋಡುತ್ತಿದ್ದೆ.

“ಸಿಸ್ಟರ್, ನಮ್ಮ ತಮ್ಮ.”

“ಅವರೂ ಪ್ರೋಗ್ರಾಮಿನ್ಯಾಗ ಅದಾರೇನು?” ನಮ್ಮ ಪಟ್ಟಿಯಲ್ಲಿ ಅಂಥ ಹೆಸರಿರಲಿಲ್ಲ.

“ಇಲ್ಲರಿ. ಭಾಲ್ಕಿಯಾಗ ಬ್ಯಾಟರಿ ಅಂಗಡಿ ಅದ ಅವಂದು. ನಾನೇ ನನ್ನ ರಿಪೋರ್ಟಿನ ಫೋಟೋ ಅವಗ ಕಳಿಸಿದೆ. ನೋಡು, ಗುಳಗಿ ಬಿಟ್ರೂ ನಂದೇನೂ ಕೆಟ್ಟಿಲ್ಲ, ನೀನೂ ಬಿಡು ಅಂತ. ಎರಡು ತಿಂಗಳಾತು, ಬಿಟ್ಟಾನ. ತುಪ್ಪದ ಚಾನೂ ಕುಡೀತಾನ.”

ನಲವತ್ತೊಂದು ಮಂದಿಗೆ ಕಾಗದ ಕಳಿಸಿ ಕೈ ತೊಳೆದುಕೊಂಡು ಬಂದಿದ್ದೆ. ನನ್ನ ಸಹಿ ಅದರಾಚೆಗೂ ನಡೆದುಹೋಗಿತ್ತು.

ಆಕೆ ಆಗಲೇ ಫೋನು ಹಚ್ಚುತ್ತಿದ್ದಳು. ಅತ್ತ ಗಂಟೆ ಬಾರಿಸುತ್ತಿದ್ದ ಹಾಗೆಯೇ ಅದನ್ನು ನನ್ನ ಕೈಗೆ ತುರುಕಿದಳು.

“ನಾ ಹೇಳಿದ್ರ ನಂಬಂಗಿಲ್ಲರಿ. ಬಿಡು ಅಂತ ಹೇಳಿದಾಕಿನೇ ನಾನು. ನೀವು ಹೇಳ್ರಿ.”

ಗಂಡಸಿನ ದನಿ ಬಂತು. ಹಿಂದೆ ಬಸ್‌ಸ್ಟ್ಯಾಂಡಿನ ಗದ್ದಲ, ಯಾರೋ ಇನ್ವರ್ಟರಿನ ಬಗ್ಗೆ ಕೇಳುತ್ತಿದ್ದರು.

“ಹಾಂ ಆಪಾ, ಹೇಳು.”

“ಆಪಾ ಅಲ್ಲರಿ. ಆಪಾಂದು ರಕ್ತ ತಪಾಸಣಿ ಮಾಡಿದಾಕಿ ನಾನು, ಬೀದರದಿಂದ. ನಿಮಗ ಒಂದು ಕಾಗದದ ಫೋಟೋ ಕಳಿಸ್ಯಾರಲ್ಲ, ಅದರ ಮ್ಯಾಲ ಸಹಿ ನಂದೇ ಅದ. ಆ ಕಾಗದ ತಪ್ಪದರಿ. ನಾನೇ ತಪ್ಪು ಮಾಡೀನಿ. ಅದನ್ನ ನೋಡಿ ನೀವು ಗುಳಗಿ ಬಿಡಬಾರದಿತ್ತು.”

ಅತ್ತ ಕಡೆ ಇನ್ವರ್ಟರ್ ಕೇಳುತ್ತಿದ್ದವನಿಗೆ ತಡಿ ಎಂದದ್ದು ಕೇಳಿಸಿತು. ಆಮೇಲೆ ದನಿ ತಗ್ಗಿತು.

“ಮೇಡಮ್, ಒಂದು ಮಾತು ಕೇಳ್ಲೇನ್ರಿ? ವಾರ ಆತು, ಬ್ಯಾಟರಿ ಎತ್ತುವಾಗ ಎದ್ಯಾಗ ಬಿಗೀತದ. ಎಡಗೈ ಜೋಮು ಹಿಡೀತದ. ಕುಂತ್ರ ಕಡಿಮಿ ಆಗ್ತದ. ತುಪ್ಪ ಜಾಸ್ತಿ ಆಗಿ ಪಿತ್ತ ಇರಬೇಕಂತ ಬಿಟ್ಟೀನಿ. ಮನ್ಯಾಗ ಯಾರಿಗೂ ಹೇಳಿಲ್ಲ. ಪಿತ್ತನೇ ಇರಬೇಕಲ್ರಿ?”

ಎದುರಿಗೆ ಆಪಾ ನನ್ನ ಮುಖವನ್ನೇ ನೋಡುತ್ತಿದ್ದಳು. ಹಸಿರು ಬಟ್ಟೆ ಆಕೆಯ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

“ಇಲ್ಲರಿ” ಎಂದೆ. “ಈಗ ಕೈಯಾಗ ಹಿಡದಿದ್ದು ಕೆಳಗಿಡ್ರಿ. ಗಿರಾಕಿನ ಕಳಿಸ್ರಿ. ಯಾರನ್ನಾರ ಜೋಡಿ ಕರಕೊಂಡು, ನಡಕೋತ ಅಲ್ಲ, ಆಟೋದಾಗ ಕುಂತು, ಸೀದಾ ದವಾಖಾನಿಗಿ ಹೋಗಿ ಇಸಿಜಿ ತಗಸ್ರಿ. ನನ್ನ ಮಾತು ನಂಬಲಿಕ್ಕ ನಿಮಗ ಕಾರಣಿಲ್ಲ, ಗೊತ್ತದ. ಆದ್ರೂ ಹೋಗ್ರಿ. ಮೊದಲು ಅಂಗಡಿ ಬಂದ್ ಮಾಡ್ರಿ.”

“ಈಗೇನ್ರಿ?”

“ಈಗೇ ಮಾಡ್ರಿ. ನಾ ಫೋನ್ ಇಡಂಗಿಲ್ಲ.”

ಅವನು ಯಾರನ್ನೋ ಕೂಗಿ ಕರೆದ. ಫೋನು ಕಿವಿಗೆ ಒತ್ತಿಕೊಂಡು ಕಾದೆ. ಕೊನೆಗೆ ಭಾಲ್ಕಿಯಲ್ಲಿ ಷಟರು ಎಳೆದು ನೆಲಕ್ಕೆ ಬಡಿದ ಸದ್ದು ಕೇಳಿಸಿತು.